ಆಟಿ ಮಳೆಗೆ ಒಂದು ದಂಗೆಯ ಸಿನಿಮಾ: ಯಾವುದು ಹಾಕೋಣ?

ಆಟಿ ತಿಂಗಳ ಹದಿನೆಂಟಕ್ಕೆ ನಮ್ಮ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಮದ್ದು ಸೊಪ್ಪಿನ ಪಾಯಸ. ಇನ್ನೊಂದು, ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಸಿನಿಮಾ ನೋಡುವುದು. ಆಗಸ್ಟ್ 3ರ ಹೊತ್ತಿಗೆ ಮಡಿಕೇರಿ ಸುತ್ತಮುತ್ತ ಮಳೆ ಹೇಗಿರುತ್ತದೆ ಅಂತ ಗೊತ್ತಲ್ವಾ? ತೋಟಕ್ಕೆ ಕಾಲಿಟ್ಟರೆ ಜಿಗಣೆ. ಬೆಂಗಳೂರಿನಿಂದ ದೊಡ್ಡಪ್ಪನ ಮಗ ಬಂದಿರುತ್ತಾನೆ, ಪಿಯುಸಿ ಓದುವ ತಂಗಿಗೆ ರಜೆ ಸಿಕ್ಕಿರುತ್ತದೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕುತ್ತೇವೆ.

ಹೋದ ವರ್ಷ ಆ ರಾತ್ರಿ ಜಗಳದಲ್ಲೇ ಕಳೆಯಿತು. ಅಣ್ಣನಿಗೆ ಸರ್ಕಾರದ ವಿರುದ್ಧ ದಂಗೆ ಏಳುವ ಸಿನಿಮಾ ಬೇಕು, ಆ ಮುಖವಾಡದ್ದು. ತಂಗಿಗೆ ಬಿಲ್ಲು ಹಿಡಿದ ಹುಡುಗಿಯದ್ದು. ನನಗೆ ಇನ್ನೇನೋ. ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿ ನಿವೃತ್ತರಾದ ಮಾವ ಒಬ್ಬರೇ ಸಮಾಧಾನದಲ್ಲಿದ್ದರು. "ಯಾವುದಾದ್ರೂ ಹಾಕು ಮಾರಾಯ, ಕರೆಂಟ್ ಹೋಗೋ ಮೊದ್ಲು ಮುಗಿದ್ರೆ ಸಾಕು." ಮುಗಿಯಲಿಲ್ಲ. ಒಂದು ಗಂಟೆ ವಾದ ಮಾಡಿ ಕೊನೆಗೆ ಅಣ್ಣನದ್ದೇ ಹಾಕಿದೆವು. ಅರ್ಧಕ್ಕೆ ಕರೆಂಟ್ ಹೋಯಿತು. ಇನ್ನರ್ಧ ಆಗುವ ಮೊದಲೇ ಇನ್ವರ್ಟರ್ ಕೂಗತೊಡಗಿತು.

ಆಮೇಲೆ ಆ ಮಳೆಗಾಲ ಪೂರ್ತಿ ಇಂಥ ಸಿನಿಮಾಗಳನ್ನೇ ಒಂದೊಂದಾಗಿ ನೋಡಿದೆ. ಈ ಸಲ ಜಗಳ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಇವಕ್ಕೆ ಡಿಸ್ಟೋಪಿಯನ್ ಸಿನಿಮಾ ಅಂತ ಹೆಸರು. ನಾಳೆ ಹೀಗೆಲ್ಲ ಕೆಟ್ಟುಹೋದರೆ ಅಂತ ಹೆದರಿಸುವ ಕಥೆಗಳು ಅಂದ್ಕೊಳ್ಳಿ.

ಮುಖವಾಡದವನು

ಮೊದಲು 'ವಿ ಫಾರ್ ವೆಂಡೆಟಾ'. ಇಂಥದ್ದೊಂದು ಹೇಳು ಅಂದರೆ ಹತ್ತರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ. ಜೇಮ್ಸ್ ಮೆಕ್‌ಟೀಗ್ ನಿರ್ದೇಶನ, ವಚೌಸ್ಕಿಗಳ ಚಿತ್ರಕಥೆ. ಅಲನ್ ಮೂರ್ ಬರೆದು ಡೇವಿಡ್ ಲಾಯ್ಡ್ ಚಿತ್ರ ಬಿಡಿಸಿದ ಕಾಮಿಕ್ಸ್ ಇದರ ಮೂಲ. ಸಿನಿಮಾ ಮಾಡಿದ ರೀತಿಗೆ ಮೂರ್ ಸಿಟ್ಟಾಗಿ ತಮ್ಮ ಹೆಸರನ್ನೇ ಹಾಕಬೇಡಿ ಅಂದರು. ಪರದೆ ಮೇಲೆ ಲಾಯ್ಡ್ ಹೆಸರು ಮಾತ್ರ ಬರುತ್ತದೆ.

ಕಥೆ ನಡೆಯುವುದು ಲಂಡನ್ನಿನಲ್ಲಿ. ಒಂದು ರೋಗ ಬಂದು ಸಾವಿರಗಟ್ಟಲೆ ಜನ ಸತ್ತಿದ್ದಾರೆ. ಆ ಭಯದ ಬೆನ್ನೇರಿ ಒಬ್ಬ ಸರ್ವಾಧಿಕಾರಿ ಬಂದು ಕೂತಿದ್ದಾನೆ. ರಾತ್ರಿ ಕರ್ಫ್ಯೂ. ಟಿವಿ ಸರ್ಕಾರ ಹೇಳಿದ್ದನ್ನೇ ಹೇಳುತ್ತದೆ. ಆ ಟಿವಿಯಲ್ಲಿ ಕೆಲಸ ಮಾಡುವ ಹುಡುಗಿ ಈವಿಯನ್ನು ಒಂದು ರಾತ್ರಿ ಮುಖವಾಡದವನೊಬ್ಬ ಕಾಪಾಡುತ್ತಾನೆ. ಅವನ ಹೆಸರು ಬರೀ 'ವಿ'. ಮುಖವಾಡ ಗೈ ಫಾಕ್ಸ್‌ನದ್ದು. 1605ರ ನವೆಂಬರ್ 5ಕ್ಕೆ ಇಂಗ್ಲೆಂಡಿನ ಪಾರ್ಲಿಮೆಂಟಿನ ಅಡಿಯಲ್ಲಿ ಮದ್ದಿನಪುಡಿ ಇಟ್ಟು ಸಿಕ್ಕಿಬಿದ್ದವನು ಅವನು. ವಿ ಅದೇ ತಾರೀಖು ಹಿಡಿದು ಒಂದು ವರ್ಷದ ಗಡುವು ಕೊಡುತ್ತಾನೆ.

ಹ್ಯೂಗೋ ವೀವಿಂಗ್ ಮುಖವನ್ನೇ ತೋರಿಸದೆ ಇಡೀ ಸಿನಿಮಾ ನಡೆಸುತ್ತಾರೆ. ಬರೀ ದನಿ, ಕೈ, ಕತ್ತಿನ ಓಲು. ನಮ್ಮ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಈವಿ ಪಾತ್ರದ ನಟಾಲಿ ಪೋರ್ಟ್‌ಮನ್ ತಲೆ ಬೋಳಿಸುವುದು ನಿಜವಾದ ಕೂದಲೇ, ಕ್ಯಾಮೆರಾ ಮುಂದೆಯೇ. ಅಲ್ಲಿ ಅವ್ವ ಎದ್ದು ಒಳಗೆ ಹೋದರು.

ಆ ಬೋಳು ತಲೆಯ ಭಾಗ ಇದೆಯಲ್ಲ, ಸಿನಿಮಾದ ನಡುವಿನ ಅರ್ಧ ಗಂಟೆ, ಇಡೀ ಸಿನಿಮಾದ ಜೀವ ಅಲ್ಲೇ. ಏನಾಗುತ್ತದೆ ಅಂತ ಹೇಳಿದರೆ ನೋಡದವರಿಗೆ ಮೋಸ. ಇಷ್ಟು ಹೇಳುತ್ತೇನೆ: ವಿ ಅವಳಿಗೆ ಮಾಡಿದ್ದು ಸರಿಯಾ ಅಂತ ನಾವು ಕ್ಯಾಂಡಲ್ ಬೆಳಕಲ್ಲಿ ಹನ್ನೆರಡರ ತನಕ ಮಾತಾಡಿದೆವು. ಸರಿ ಅಂತ ಅಣ್ಣ, ತಪ್ಪು ಅಂತ ತಂಗಿ. ನಾನು ತಂಗಿಯ ಕಡೆ. ಬಿಡುಗಡೆ ಮಾಡುತ್ತೇನೆ ಅಂತ ಹೇಳಿ ಒಬ್ಬರನ್ನು ಮುರಿಯುವುದು ಆ ಸರ್ವಾಧಿಕಾರಿಯ ಕೆಲಸವೇ ಅಲ್ವಾ? ಸಿನಿಮಾ ಈ ಪ್ರಶ್ನೆ ಹತ್ತಿರ ಬಂದು ಸ್ವಲ್ಪ ಬೇಗ ಜಾರಿಕೊಳ್ಳುತ್ತದೆ. ಅದು ಇದರ ದೊಡ್ಡ ದೋಷ. ಕೊನೆಯಲ್ಲಿ ಪಟಾಕಿ, ಸಂಗೀತ, ಸಂಭ್ರಮ. ಮಾರನೇ ದಿನ ಬೆಳಗ್ಗೆ ಕಸ ಗುಡಿಸುವವರು ಯಾರು, ರೇಷನ್ ಕೊಡುವವರು ಯಾರು ಅಂತ ಯಾರೂ ಕೇಳುವುದಿಲ್ಲ.

ಮಾವನಿಗೆ ಹಿಡಿಸಿದ್ದು ವಿ ಅಲ್ಲ, ಇನ್‌ಸ್ಪೆಕ್ಟರ್ ಫಿಂಚ್. ಸ್ಟೀಫನ್ ರಿಯಾ ಮಾಡಿದ ಪಾತ್ರ. ವಿಯನ್ನು ಹಿಡಿಯೋಕೆ ಅಂತ ಹಳೇ ಫೈಲು ಬಿಚ್ಚುತ್ತಾ ಹೋಗಿ, ತಾನು ಯಾರಿಗೆ ಕೆಲಸ ಮಾಡುತ್ತಿದ್ದೇನೆ ಅಂತ ನಿಧಾನಕ್ಕೆ ತಿಳಿದುಕೊಳ್ಳುವವನು. "ದಂಗೆ ಎದ್ದೋನು ಮುಖವಾಡದವ ಅಲ್ಲ ಮಾರಾಯ, ಈ ಗುಮಾಸ್ತ" ಅಂದರು ಮಾವ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ನೋಡಿದ ಸಿನಿಮಾಗಳಲ್ಲೆಲ್ಲ ಅದನ್ನೇ ಹುಡುಕಿದೆ. ನೋಡಿದರೆ ತಮಾಷೆ! ಹೆಚ್ಚಿನವುಗಳಲ್ಲಿ ತಿರುಗಿ ಬೀಳುವವನು ಸರ್ಕಾರಿ ನೌಕರನೇ. ಹಳೇ ಪೇಪರ್ ತಿದ್ದುವವನು, ಫಾರಂ ತುಂಬುವವನು, ಇಲಾಖೆಯಲ್ಲಿ ಕುರ್ಚಿ ಬಿಸಿ ಮಾಡುವವನು. ಹಾಗಾಗಿ ಈಗ ನನ್ನ ಅಳತೆಗೋಲು ಒಂದೇ. ಸರ್ಕಾರ ಎಷ್ಟು ಕ್ರೂರ ಅಂತ ನೋಡುವುದಿಲ್ಲ. ಆ ಸರ್ಕಾರದ ಸಂಬಳ ತಿನ್ನುವ ಸಾಧಾರಣ ಮನುಷ್ಯನನ್ನು ಸಿನಿಮಾ ಹೇಗೆ ತೋರಿಸುತ್ತದೆ ಅಂತ ನೋಡುತ್ತೇನೆ.

ಇಲ್ಲಿ ಮಾವನ ಇನ್ನೊಂದು ಕಥೆ ಹೇಳಲೇಬೇಕು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲೆಲ್ಲ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದವರು ಇನ್ನು ದುಡ್ಡಿನಲ್ಲೇ ಕಟ್ಟಬೇಕು ಅಂತಾಯಿತು. 1837ರಲ್ಲಿ ಜನ ದಂಗೆ ಎದ್ದರು. ಮುಂದೆ ನಿಂತವನು ಕಲ್ಯಾಣಸ್ವಾಮಿ ಅಂತ ಕರೆಸಿಕೊಂಡವನು. ಅವನ ನಿಜವಾದ ಹೆಸರು ಪುಟ್ಟಬಸಪ್ಪ. ಬೇರೆಯವರ ಹೆಸರನ್ನೇ ಮುಖವಾಡದ ಹಾಗೆ ಹಾಕಿಕೊಂಡಿದ್ದ! ದಂಡು ಮಂಗಳೂರಿನವರೆಗೆ ಹೋಯಿತು. ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷ ಅಕ್ಟೋಬರ್ 31ಕ್ಕೆ ನಮ್ಮ ಮಡಿಕೇರಿ ಕೋಟೆಯಲ್ಲೇ ಗಲ್ಲಿಗೆ ಹಾಕಿದರು. ಅವರೂ ಸುಬೇದಾರರು. "ನೋಡಿದ್ಯಾ, ಅವ್ರೂ ಸರ್ಕಾರಿ ಆಳೇ" ಅಂತ ಮಾವ ನಕ್ಕರು. ಅದೇ ಕೋಟೆಯೊಳಗೆ ಆಮೇಲೆ ಎಷ್ಟೋ ವರ್ಷ ಸರ್ಕಾರಿ ಕಚೇರಿಗಳು ನಡೆದವು. ನಾನೂ ಅಲ್ಲಿ ಕ್ಯೂ ನಿಂತಿದ್ದೇನೆ.

ವೆಂಡೆಟಾ ಬಗ್ಗೆ ಕೊನೆಯದಾಗಿ ಎರಡು ಸಂಗತಿ. ಆ ಮುಖವಾಡ ಆಮೇಲೆ ಊರೂರಿನ ಪ್ರತಿಭಟನೆಗಳಲ್ಲಿ ಕಾಣಿಸಿತು. ಒಂದೊಂದು ಮಾರಾಟವಾದಾಗಲೂ ಸಿನಿಮಾ ಮಾಡಿದ ದೊಡ್ಡ ಕಂಪನಿಗೇ ರಾಯಲ್ಟಿ ಹೋಗುತ್ತಿತ್ತು. ಇನ್ನು, 2012ರ ಡಿಸೆಂಬರಿನಲ್ಲಿ ಚೀನಾದ ಸರ್ಕಾರಿ ಟಿವಿ ಈ ಸಿನಿಮಾವನ್ನು ಪ್ರಸಾರ ಮಾಡಿ ಅಲ್ಲಿನ ಜನರನ್ನೇ ದಂಗುಬಡಿಸಿತ್ತು.

ಅದೇ ನಟ, ಕುರ್ಚಿಯ ಈಚೆ ಕಡೆ

ವೆಂಡೆಟಾದಲ್ಲಿ ದೊಡ್ಡ ಪರದೆಯಿಂದ ಕಿರುಚುವ ಸರ್ವಾಧಿಕಾರಿ ಸಟ್ಲರ್ ಇದ್ದಾನಲ್ಲ, ಆ ನಟ ಜಾನ್ ಹರ್ಟ್. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಅವರೇ ಅಂಥ ಪರದೆಯ ಕೆಳಗೆ ನಡುಗುತ್ತಾ ಕೂತಿದ್ದರು. 'ನೈಂಟೀನ್ ಎಯ್ಟಿ ಫೋರ್' ಸಿನಿಮಾದ ವಿನ್‌ಸ್ಟನ್ ಸ್ಮಿತ್ ಆಗಿ. ಎರಡನ್ನೂ ಬೆನ್ನಿಗೆ ಬೆನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ.

ಜಾರ್ಜ್ ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಕಾದಂಬರಿ ಬಂದದ್ದು 1949ಕ್ಕೆ. ಮೈಕೆಲ್ ರ‍್ಯಾಡ್‌ಫರ್ಡ್ ಸಿನಿಮಾ ತೆಗೆದದ್ದು 1984ರಲ್ಲೇ. ಕಥೆಯಲ್ಲಿ ವಿನ್‌ಸ್ಟನ್ ಏಪ್ರಿಲ್ 4ಕ್ಕೆ ಡೈರಿ ಬರೆಯಲು ಶುರು ಮಾಡುತ್ತಾನೆ. ಶೂಟಿಂಗ್ ಕೂಡ ಆ ತಿಂಗಳುಗಳಲ್ಲೇ ಮಾಡಿದರು. ರೋಜರ್ ಡೀಕಿನ್ಸ್ ಕ್ಯಾಮೆರಾ. ಬಣ್ಣವೆಲ್ಲ ಒಗೆದು ಒಗೆದು ಬಿಳಿಚಿದ ಬಟ್ಟೆ ಹಾಗೆ. ರಿಚರ್ಡ್ ಬರ್ಟನ್‌ಗೆ ಇದೇ ಕೊನೆಯ ಸಿನಿಮಾ, ಆ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ಒಂದು ಸಲವೂ ದನಿ ಏರಿಸದೆ ಹಿಂಸೆ ಕೊಡುವ ಅಧಿಕಾರಿಯ ಪಾತ್ರ. ಕಿರುಚುವ ಸಟ್ಲರ್‌ಗಿಂತ ಇವನೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು.

ವಿನ್‌ಸ್ಟನ್ ಕೆಲಸ ಏನು? ಹಳೇ ಪತ್ರಿಕೆಗಳನ್ನು ಸರ್ಕಾರಕ್ಕೆ ಬೇಕಾದ ಹಾಗೆ ತಿದ್ದುವುದು. ಸತ್ಯ ಇಲಾಖೆಯ ಗುಮಾಸ್ತ. ಅವನ ದಂಗೆ ಅಂದರೆ ಒಂದು ಡೈರಿ, ಒಂದು ಪ್ರೀತಿ, ಬಾಡಿಗೆಯ ಒಂದು ರೂಮು. ಅಷ್ಟೇ. ಗೆಲುವಿನ ಖುಷಿ ಬೇಕು ಅನ್ನುವವರು ಇದರ ಹತ್ತಿರ ಹೋಗಬೇಡಿ. ಮಕ್ಕಳ ಜೊತೆ, ಅಪ್ಪ ಅವ್ವನ ಜೊತೆಯಂತೂ ಬೇಡವೇ ಬೇಡ. ಬಟ್ಟೆ ಇಲ್ಲದ ದೃಶ್ಯಗಳಿವೆ, ಚಿತ್ರಹಿಂಸೆ ಇದೆ. ಆಟಿ ಮಳೆಯ ಮೂರನೇ ವಾರ ಒಬ್ಬರೇ ಕೂತು ನೋಡಿದರೆ ಎರಡು ದಿನ ಮಂಕು ಬಿಡುವುದಿಲ್ಲ. ನನಗೆ ಬಿಡಲಿಲ್ಲ.

ಒಂದು ಕೊಂಬು ಜಾಸ್ತಿ

ನಮ್ಮ ಅಜ್ಜನ ಹೆಸರಿಗೆ ಜಮೀನಿನ ಆರ್‌ಟಿಸಿಯಲ್ಲಿ ಒಂದು ಕೊಂಬು ಜಾಸ್ತಿ ಬಿದ್ದಿತ್ತು. ಕಂಪ್ಯೂಟರಿಗೆ ಏರಿಸುವಾಗ ಯಾರದೋ ಬೆರಳು ಜಾರಿದ್ದು. ಆ ಕೊಂಬು ತೆಗೆಸಲು ನಾನು ಒಂದು ಕಚೇರಿಗೆ ಹದಿನಾಲ್ಕು ತಿಂಗಳು ನಡೆದೆ. ಕೊಂಬು ಇರುವ ಅಜ್ಜ, ಕೊಂಬು ಇಲ್ಲದ ಅಜ್ಜ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆ. ಒಬ್ಬ ನೌಕರ ತುಂಬ ಮರ್ಯಾದೆಯಿಂದಲೇ ಕೇಳಿದ, "ಅಜ್ಜನನ್ನೇ ಕರ್ಕೊಂಡು ಬರ್ಲಿಕ್ಕೆ ಆಗ್ತದಾ ಸಾರ್?" ಅಜ್ಜ ಹೋಗಿ ಇಪ್ಪತ್ತು ವರ್ಷ ಆಗಿತ್ತು.

ಜಮ್ಮಾ ಬಾಣೆಯ (ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮೀನು) ಕಾಗದ ಹಿಡಿದು ಓಡಾಡಿದ ಯಾರಿಗಾದರೂ 'ಬ್ರೆಜಿಲ್' ಸಿನಿಮಾ ಅರ್ಥವಾಗಲು ಐದು ನಿಮಿಷ ಸಾಕು. ಟೆರಿ ಗಿಲಿಯಮ್ ನಿರ್ದೇಶನ, 1985. ಹೆಸರಿಗೂ ಆ ದೇಶಕ್ಕೂ ಸಂಬಂಧ ಇಲ್ಲ, ಅದೊಂದು ಹಳೇ ಹಾಡಿನ ಹೆಸರು. ಶುರುವಿನಲ್ಲೇ ಒಂದು ನೊಣ ಟೈಪಿಂಗ್ ಯಂತ್ರದೊಳಗೆ ಬೀಳುತ್ತದೆ. 'ಟಟಲ್' ಅಂತ ಬರಬೇಕಾದ ಹೆಸರು 'ಬಟಲ್' ಆಗುತ್ತದೆ. ಪೊಲೀಸರು ಛಾವಣಿ ಕೊರೆದು ಬಟಲ್ ಅನ್ನುವ ಬಡಪಾಯಿಯನ್ನು ಹೊತ್ತೊಯ್ಯುತ್ತಾರೆ. ಅವನ ಹೆಂಡತಿಗೆ ಗಂಡನ ಬಾಬ್ತು ಒಂದು ರಸೀದಿ ಕೊಡುತ್ತಾರೆ. ರಸೀದಿ ಕೊಟ್ಟಿದ್ದಕ್ಕೆ ಅವಳಿಂದ ಇನ್ನೊಂದು ರಸೀದಿ ಬರೆಸಿಕೊಳ್ಳುತ್ತಾರೆ.

ನಗುತ್ತಾ ನಗುತ್ತಾ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಇಲ್ಲಿ ಸರ್ವಾಧಿಕಾರಿಯೇ ಕಾಣಿಸುವುದಿಲ್ಲ, ಗಮನಿಸಿ. ಎಲ್ಲರೂ ಒಳ್ಳೆಯವರು, ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಾರೆ. ದಂಗೆಕೋರ ಅಂತ ಸರ್ಕಾರ ಹುಡುಕುತ್ತಿರುವ ಟಟಲ್ ನಿಜವಾಗಿ ಒಬ್ಬ ರಿಪೇರಿಯವನು. ರಾಬರ್ಟ್ ಡಿ ನೀರೋ ಮಾಡಿದ್ದಾರೆ. ಅವನ ಅಪರಾಧ? ಫಾರಂ ತುಂಬದೆ ರಿಪೇರಿ ಮಾಡಿಕೊಡುತ್ತಾನೆ. ಕಥೆಯ ನಾಯಕ ಸ್ಯಾಮ್ ದಾಖಲೆ ವಿಭಾಗದ ನೌಕರ, ಕನಸುಗಾರ, ಪ್ರಮೋಷನ್ ಬೇಡ ಅನ್ನುವವನು. ಮಾವನ ಗುಮಾಸ್ತ ಅಂದರೆ ಇವನೇ.

ಒಂದು ಎಚ್ಚರಿಕೆ. ಇದರ ಬೇರೆ ಬೇರೆ ಆವೃತ್ತಿಗಳಿವೆ. ಸ್ಟುಡಿಯೋದವರಿಗೆ ಸುಖಾಂತ್ಯ ಬೇಕಿತ್ತು, ಗಿಲಿಯಮ್ ಒಪ್ಪಲಿಲ್ಲ. ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ನನ್ನ ಸಿನಿಮಾ ಯಾವಾಗ ಬಿಡುತ್ತೀರಿ ಅಂತ ಕೇಳಿದರು. ಅಮೆರಿಕದಲ್ಲಿ ಬಿಡುಗಡೆಗೆ ಮೊದಲೇ ಲಾಸ್ ಏಂಜಲೀಸಿನ ವಿಮರ್ಶಕರು ವರ್ಷದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಕೊಟ್ಟ ಮೇಲೆ ದಾರಿ ಸಲೀಸಾಯಿತು. ಟಿವಿಗೆ ಅಂತ ಕತ್ತರಿಸಿದ 94 ನಿಮಿಷದ್ದು ಸಿಕ್ಕರೆ ಮುಟ್ಟಬೇಡಿ. 142 ನಿಮಿಷದ್ದನ್ನೇ ನೋಡಿ. ನಡುವೆ ಸ್ವಲ್ಪ ಎಳೆದ ಹಾಗೆ ಅನಿಸುತ್ತದೆ, ನಿಜ. ಕಾಫಿ ಕುಡಿದು ಬನ್ನಿ.

ಮಕ್ಕಳ ದನಿ ಇಲ್ಲದ ಊರು

ಇದೇ ನನ್ನ ಆಯ್ಕೆ, ಆದ್ದರಿಂದ ಪಕ್ಷಪಾತ ಇರುತ್ತದೆ, ಕ್ಷಮಿಸಿ. 'ಚಿಲ್ಡ್ರನ್ ಆಫ್ ಮೆನ್', 2006. ಅಲ್ಫಾನ್ಸೊ ಕ್ವಾರೊನ್ ನಿರ್ದೇಶನ, ಪಿ. ಡಿ. ಜೇಮ್ಸ್ ಅವರ 1992ರ ಕಾದಂಬರಿ ಮೂಲ. ಕಥೆ ನಡೆಯುವುದು 2027ರಲ್ಲಿ. ಹದಿನೆಂಟು ವರ್ಷದಿಂದ ಭೂಮಿ ಮೇಲೆ ಒಂದು ಮಗು ಹುಟ್ಟಿಲ್ಲ. ಬ್ರಿಟನ್ ತನ್ನ ಗಡಿ ಮುಚ್ಚಿಕೊಂಡು, ಬೇರೆ ದೇಶದಿಂದ ಓಡಿ ಬಂದವರನ್ನು ಬೋನಿನಲ್ಲಿ ಹಾಕುತ್ತಿದೆ. ಥಿಯೋ ಅನ್ನುವವನು ಇಂಧನ ಇಲಾಖೆಯ ನೌಕರ (ನೋಡಿ, ಮತ್ತೆ!), ಕುಡುಕ, ಯಾವುದರಲ್ಲೂ ನಂಬಿಕೆ ಇಲ್ಲ. ಅವನ ಕೈಗೆ ಒಬ್ಬ ಬಸುರಿ ಹುಡುಗಿಯನ್ನು ಒಪ್ಪಿಸುತ್ತಾರೆ.

ಕ್ಯಾಮೆರಾಮನ್ ಎಮಾನ್ಯುಯೆಲ್ ಲುಬೆಜ್ಕಿ ಕತ್ತರಿಯೇ ಹಾಕದ ಹಾಗೆ ಉದ್ದುದ್ದ ದೃಶ್ಯ ತೆಗೆದಿದ್ದಾರೆ. ಒಂದು ಕಾರಿನೊಳಗಿನ ದೃಶ್ಯ ಇದೆ. ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಚಿಪ್ಸ್ ಹಾಗೇ ಉಳಿಯಿತು. ಇನ್ನೊಂದು ಕಡೆ ಅವರು ಖಾಲಿ ಬಿದ್ದ ಶಾಲೆಗೆ ಹೋಗುತ್ತಾರೆ. ಒಳಗೆ ಒಂದು ಜಿಂಕೆ ಓಡಾಡುತ್ತಿರುತ್ತದೆ. ನಮ್ಮಲ್ಲಿ ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆಯ ಅಂಗಳಕ್ಕೆ ಆನೆ ಬಂದು ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಮಕ್ಕಳೆಲ್ಲ ಬೆಂಗಳೂರು ಸೇರಿ, ಅಜ್ಜ ಅಜ್ಜಿ ಇಬ್ಬರೇ ದೀಪ ಹಚ್ಚುವ ದೊಡ್ಡ ಮನೆಗಳು ಕೊಡಗಿನಲ್ಲಿ ಎಷ್ಟಿಲ್ಲ? ಸಿನಿಮಾದ ಮೌನ ನಮಗೆ ಹೊಸದಲ್ಲ.

ಇನ್ನೊಂದು ಸಂಗತಿ ಅಣ್ಣ ಗಮನಿಸಿದ್ದು. ಇಡೀ ಸಿನಿಮಾದಲ್ಲಿ ಥಿಯೋ ಕೈಗೆ ಒಂದು ಸಲವೂ ಕೋವಿ ಹಿಡಿಯುವುದಿಲ್ಲ. ಸುತ್ತ ಗುಂಡಿನ ಮಳೆ, ಇವನು ಹವಾಯಿ ಚಪ್ಪಲಿಯಲ್ಲಿ ಓಡುತ್ತಿರುತ್ತಾನೆ. ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುವ ಊರಿನಲ್ಲಿ ಕೂತು ಇದನ್ನು ನೋಡುವುದೇ ಒಂದು ಮಜಾ. ವೆಂಡೆಟಾದಲ್ಲಿ ಕತ್ತಿ ಇದೆ, ಬಾಂಬ್ ಇದೆ, ಆದರೆ ನಾಳೆ ಏನು ಅನ್ನುವ ಮಾತಿಲ್ಲ. ಇಲ್ಲಿ ಕೈ ಖಾಲಿ, ಆದರೆ ಅವನು ಹೊತ್ತುಕೊಂಡು ಹೋಗುತ್ತಿರುವುದೇ ನಾಳೆಯನ್ನು. ದಂಗೆ ಎದ್ದವರ ಗುಂಪನ್ನೂ ಸಿನಿಮಾ ಸುಮ್ನೆ ಬಿಡುವುದಿಲ್ಲ. ಅವರೂ ಆ ಮಗುವನ್ನು ಬಾವುಟ ಮಾಡಿಕೊಳ್ಳಲು ಹೊಂಚು ಹಾಕುತ್ತಾರೆ. ನಾನು ಇದಕ್ಕೆ ಒಂದು ಮಾರ್ಕ್ ಜಾಸ್ತಿ ಕೊಡುವುದು ಅದಕ್ಕೇ. ಮೇಲಾಗಿ 109 ನಿಮಿಷ, ನಮ್ಮ ಇನ್ವರ್ಟರ್ ತಡೆದುಕೊಳ್ಳುತ್ತದೆ.

ಉಳಿದವು, ಬೇಗ ಬೇಗ

'ಸ್ನೋಪಿಯರ್ಸರ್' (2013) ಬಾಂಗ್ ಜೂನ್-ಹೋ ಅವರದ್ದು. ಭೂಮಿ ಹೆಪ್ಪುಗಟ್ಟಿ, ಉಳಿದ ಮನುಷ್ಯರೆಲ್ಲ ನಿಲ್ಲದೆ ಓಡುವ ಒಂದೇ ರೈಲಿನಲ್ಲಿದ್ದಾರೆ. ಬಾಲದ ಬೋಗಿಯಲ್ಲಿ ಬಡವರು, ಎಂಜಿನ್ ಹತ್ತಿರ ಶ್ರೀಮಂತರು. ಬಾಲದವರು ಬೋಗಿ ಬೋಗಿ ದಾಟಿ ಮುಂದೆ ನುಗ್ಗುತ್ತಾರೆ. ರೈಲೇ ಇಲ್ಲದ ಜಿಲ್ಲೆಯಲ್ಲಿ ಕೂತು ರೈಲಿನ ದಂಗೆ ನೋಡುವ ಯೋಗ ನಮ್ಮದು! ಆದರೆ ಬೋಗಿಗಳ ಲೆಕ್ಕ ನಮಗೆ ಅರ್ಥವಾಗದ್ದೇನಲ್ಲ. ಕೂಲಿಯವರ ಲೈನ್‌ಮನೆಯಿಂದ ಸಾಹುಕಾರರ ಬಂಗಲೆಗೆ ಎಷ್ಟು ಹೆಜ್ಜೆ ಅಂತ ತೋಟದಲ್ಲಿ ಬೆಳೆದವರಿಗೆ ಗೊತ್ತು. ಹೊಡೆದಾಟ ಬೇಕು, ಜೊತೆಗೆ ತಲೆಗೂ ಕೆಲಸ ಬೇಕು ಅಂದರೆ ಇದು. ಬಾಲದವರಿಗೆ ತಿನ್ನಲು ಕೊಡುವ ಕರಿ ಬರ್ಫಿಯಂಥದ್ದು ಏನು ಅಂತ ಗೊತ್ತಾಗುವಾಗ ಬಾಯಿಗೆ ಏನೂ ಹಾಕಿಕೊಂಡಿರಬೇಡಿ.

'ದಿ ಹಂಗರ್ ಗೇಮ್ಸ್' (2012) ತಂಗಿಯ ಪಾಲಿಗೆ. ಹನ್ನೆರಡು ಸೀಮೆಗಳಿಂದ ಮಕ್ಕಳನ್ನು ಚೀಟಿ ಎತ್ತಿ ತಂದು, ಟಿವಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲಿಸುವ ಸರ್ಕಾರ. ಹದಿಹರೆಯದವರ ಜೊತೆ ಈ ಮಾತು ಶುರು ಮಾಡಲು ಇದಕ್ಕಿಂತ ಸುಲಭದ್ದು ಸಿಗಲಿಕ್ಕಿಲ್ಲ. ನಾನು ಸ್ವಲ್ಪ ತಾತ್ಸಾರ ಮಾಡಿದ್ದೆ. ತಂಗಿ ಬಾಯಿ ಮುಚ್ಚಿಸಿದಳು. 2014ರಲ್ಲಿ ಥಾಯ್ಲೆಂಡಿನಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಜನ ಈ ಸಿನಿಮಾದ ಮೂರು ಬೆರಳಿನ ಸೆಲ್ಯೂಟನ್ನೇ ಎತ್ತಿ ನಿಂತರು, ಅದಕ್ಕಾಗಿ ಪೊಲೀಸರು ಹಿಡಿದೂ ಹಾಕಿದರು. 2021ರಲ್ಲಿ ಮ್ಯಾನ್ಮಾರಿನಲ್ಲೂ ಅದೇ ಬೆರಳು. "ನಿನ್ನ ಬ್ರೆಜಿಲ್ ನೋಡಿ ಯಾರಾದ್ರೂ ಬೀದಿಗೆ ಬಂದ್ರಾ ಅಣ್ಣಾ?" ಅಂದಳು. ಉತ್ತರ ಇರಲಿಲ್ಲ. ಇದಕ್ಕೂ 142 ನಿಮಿಷ ಬೇಕು, ಜ್ಞಾಪಕ ಇರಲಿ.

'ಫ್ಯಾರನ್‌ಹೈಟ್ 451' ತ್ರುಫೋ ಅವರ 1966ರದ್ದು. ಪುಸ್ತಕ ಸುಡುವುದೇ ಕೆಲಸವಾದ ಸರ್ಕಾರಿ ಅಗ್ನಿಶಾಮಕದವನು ಕದ್ದು ಓದಲು ಶುರು ಮಾಡುತ್ತಾನೆ. ಓದು ನಿಷೇಧವಾದ ಲೋಕ ಅಂತ ಶುರುವಿನ ಹೆಸರುಗಳನ್ನೂ ಬರೆದು ತೋರಿಸುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ಈಗ ನೋಡಿದರೆ ಸ್ವಲ್ಪ ನಾಟಕದ ಹಾಗೆ ಕಾಣುತ್ತದೆ, ತಂಗಿ ನಡುವೆಯೇ ನಿದ್ದೆ ಹೋದಳು. ಆದರೆ ಕೊನೆಯ ಹತ್ತು ನಿಮಿಷ! ಕಾಡಿನಲ್ಲಿ ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಹಿಮದಲ್ಲಿ ನಡೆದಾಡುತ್ತಾರೆ. ದುಡಿ ಹಿಡಿದು ಬಾಳೋ ಬಾಳೋ ಅಂತ ಹಾಡುವವರ ಬಾಯಲ್ಲೇ ಕೊಡವರ ಹಾಡುಗಳು ಎಷ್ಟು ತಲೆಮಾರು ಉಳಿದಿದ್ದವು ಅಂತ ನೆನಪಾಯಿತು. ನಡಿಕೇರಿಯಂಡ ಚಿಣ್ಣಪ್ಪ ಅವುಗಳನ್ನು ಸೇರಿಸಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದ್ದು 1924ರಲ್ಲಿ.

ಕನ್ನಡದಲ್ಲಿ ಇಲ್ವಾ ಅಂತ ಕೇಳುತ್ತೀರಿ. ಉಪೇಂದ್ರರ 'ಯುಐ' ಇದೆ, 2024ರ ಡಿಸೆಂಬರಿನಲ್ಲಿ ಬಂದದ್ದು. ಅದನ್ನು ಇವುಗಳ ಸಾಲಿನಲ್ಲಿ ನಿಲ್ಲಿಸಿ ಅಳೆಯುವುದು ನ್ಯಾಯ ಅಲ್ಲ, ಅದರ ದಾರಿಯೇ ಬೇರೆ. ಅಪ್ಪ ಅವ್ವ ಸಬ್‌ಟೈಟಲ್ ಓದುವುದಿಲ್ಲ ಅಂದರೆ ಅದನ್ನೇ ಹಾಕಿ.

ಹಾಗಾದರೆ ಯಾವುದು? ಮನೆ ತುಂಬ ಜನ ಇದ್ದು, ಮುಗಿದ ಮೇಲೆ ಜಗಳ ಆಡಬೇಕು ಅಂತಿದ್ದರೆ ವೆಂಡೆಟಾ. ತಪ್ಪುಗಳಿದ್ದರೂ ಅದರಷ್ಟು ಮಾತು ಹುಟ್ಟಿಸುವುದು ಇನ್ನೊಂದಿಲ್ಲ. ಇಬ್ಬರು ಮೂವರೇ ಇದ್ದರೆ ಚಿಲ್ಡ್ರನ್ ಆಫ್ ಮೆನ್. ಆ ದಿನ ಕಚೇರಿಗೆ ಅಲೆದು ಬಂದಿದ್ದರೆ ಬ್ರೆಜಿಲ್, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಪುಸ್ತಕ ಓದಿದವರು ಮಾತ್ರ ನೈಂಟೀನ್ ಎಯ್ಟಿ ಫೋರ್ ಹಾಕಿ. ಯಾವುದಾದರೂ ಸರಿ, ಮಳೆ ಹಿಡಿಯುವ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಯಾವ ಆ್ಯಪಿನಲ್ಲಿ ಯಾವುದಿದೆ ಅನ್ನುವುದು ತಿಂಗಳಿಗೊಮ್ಮೆ ಬದಲಾಗುತ್ತದೆ. ಆಗಸ್ಟಿನಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಚಕ್ರ ತಿರುಗುವುದನ್ನೇ ನೋಡುತ್ತಾ ಕೂರಬೇಕು.

ನಮ್ಮ ಮನೆಯಲ್ಲಿ ಈ ಸಲ ಬ್ರೆಜಿಲ್ ಅಂತ ತೀರ್ಮಾನ ಆಗಿದೆ. ಮಾವನ ಒತ್ತಾಯ. ಮೂವತ್ತು ವರ್ಷ ಸರ್ಕಾರದ ಸಂಬಳ ತಿಂದಿದ್ದೇನೆ, ಆ ಗುಮಾಸ್ತ ಏನಾದ ಅಂತ ನೋಡಲೇಬೇಕು ಅಂದರು. ಪೆನ್ಶನ್ ಕಾಗದಕ್ಕೆ ಸಹಿ ಹಾಕಿಸಲು ಅವರು ಇವತ್ತು ಮಡಿಕೇರಿಗೆ ಹೋಗಿದ್ದಾರೆ. ಬರುವಾಗ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತರಲು ಹೇಳಿದ್ದೇನೆ.